ಈ ಮರಿ ಎಲ್ಲಿಂದ ಬಂತು?



ತೊಬೀತನ ಗ್ರಂಥದ ಎರಡನೆಯ ಅಧ್ಯಾಯದಲ್ಲಿ ಒಂದು ಮನೆಯೊಳಗಿನ ಜಗಳದ ಪ್ರಸಂಗವಿದೆ. ದೈವಭಕ್ತನಾದ ತೊಬೀತ ಸ್ವದೇಶದಿಂದ ದೂರವಾಗಿ ನಿನೆವೆ ಪಟ್ಟಣದಲ್ಲಿ ಬಾಳುತ್ತಿದ್ದಾನೆ. ಕಣ್ಣು ಕಳೆದುಕೊಂಡಿದ್ದಾನೆ. ಮನೆಯನ್ನು ಸಾಗಿಸುವ ಭಾರ ಹೆಂಡತಿ ಅನ್ನಳ ಮೇಲೆ ಬಿದ್ದಿದೆ. ಆಕೆ ನೇಯ್ಗೆಯ ಕೆಲಸ ಮಾಡಿ ಕೂಲಿ ತರುತ್ತಾಳೆ. ಒಂದು ದಿನ ಕೆಲಸ ಕೊಟ್ಟವರು ಕೂಲಿಯ ಜೊತೆಗೆ ಒಂದು ಆಡಿನ ಮರಿಯನ್ನೂ ಪ್ರೀತಿಯಿಂದ ಕೊಟ್ಟು ಕಳುಹಿಸುತ್ತಾರೆ. ಮರಿ ಮನೆಯೊಳಗೆ ಬಂದು ಅರಚುತ್ತದೆ. ಕುರುಡನಾದ ತೊಬೀತ ಆ ದನಿಯನ್ನು ಕೇಳಿ ಹೆಂಡತಿಯನ್ನು ಕರೆದು, ಈ ಮರಿ ಎಲ್ಲಿಂದ ಬಂತು, ಕದ್ದ ಮಾಲಲ್ಲವಷ್ಟೇ, ಕದ್ದದ್ದಾದರೆ ಒಡೆಯರಿಗೆ ಹಿಂದಿರುಗಿಸು, ಕದ್ದದ್ದನ್ನು ತಿನ್ನುವ ಹಕ್ಕು ನಮಗಿಲ್ಲ ಎನ್ನುತ್ತಾನೆ.

ಬಡತನದ ಮನೆ, ಅಪರೂಪಕ್ಕೆ ಬಂದ ಮಾಂಸ, ಯಾರೂ ದೂರು ಹೇಳಿಕೊಂಡು ಬಂದಿಲ್ಲ. ಆದರೂ ಆ ಮನುಷ್ಯ ಕೇಳಿದ ಮೊದಲ ಮಾತು ಅದರ ಮೂಲವನ್ನು ಕುರಿತದ್ದು. ಅದರ ರುಚಿಯನ್ನಾಗಲಿ ಬೆಲೆಯನ್ನಾಗಲಿ ಅವನು ಕೇಳಲಿಲ್ಲ. ಈ ಪ್ರಶ್ನೆಯನ್ನು ನಮ್ಮ ಮನೆಗಳಲ್ಲಿ ಇಂದು ನಾವು ಕೇಳುತ್ತಿದ್ದೇವೆಯೇ? ಈ ತಿಂಗಳು ನಿಮ್ಮೊಡನೆ ವಿಚಾರ ಮಾಡಬೇಕೆಂದಿರುವುದು ಇದನ್ನೇ.

ಒಂದು ಪೊಟ್ಟಣದ ಕಥೆ

ವೇದಗಂಗಾ ಮತ್ತು ದೂಧಗಂಗಾ ನದಿಗಳು ಕೂಡುವ ಸೀಮೆಯಲ್ಲಿ ಭೋಜ ಎಂಬ ಗ್ರಾಮವಿದೆ. ಹಿಂದೆ ಚಿಕ್ಕೋಡಿ ತಾಲ್ಲೂಕಿನಲ್ಲಿದ್ದ ಊರು ಈಗ ನಿಪ್ಪಾಣಿ ತಾಲ್ಲೂಕಿಗೆ ಸೇರಿದೆ. ಆ ಭಾಗದ ಒಂದು ಪರಿಚಿತ ಕುಟುಂಬವನ್ನು ಕೆಲವು ಕಾಲದ ಹಿಂದೆ ನಾನು ಭೇಟಿಯಾಗಿದ್ದೆ. ಮನೆಯ ಹಿರಿಯ ತಾಯಿ ಎಪ್ಪತ್ತು ದಾಟಿದವರು, ವಿಧವೆ. 1972ರಲ್ಲಿ ತೆರೆಕಂಡ ‘ಬಂಗಾರದ ಮನುಷ್ಯ’ ಚಿತ್ರವನ್ನು ಮದುವೆಯಾದ ಹೊಸತರಲ್ಲಿ ಪತಿಯೊಡನೆ ಟಾಕೀಸಿನಲ್ಲಿ ನೋಡಿದ್ದರಂತೆ. ಅದನ್ನು ಇನ್ನೊಮ್ಮೆ ನೋಡಬೇಕೆಂಬ ಆಸೆ ಅವರದು. ಮೊಬೈಲಿನ ಸಣ್ಣ ಪರದೆ ಅವರ ಕಣ್ಣಿಗೆ ಒಗ್ಗದು. ಮನೆಯಲ್ಲಿ ಹಳೆಯ ಡಿವಿಡಿ ಪ್ಲೇಯರ್ ಇನ್ನೂ ಕೆಲಸ ಮಾಡುತ್ತಿತ್ತು. ಮಗ ಆನ್‌ಲೈನಿನಲ್ಲಿ ಹುಡುಕಿ, ಹತ್ತು ಹಳೆಯ ಕನ್ನಡ ಚಿತ್ರಗಳ ಡಿವಿಡಿಗಳ ಒಂದು ಕಟ್ಟನ್ನು ಬಹಳ ಕಡಿಮೆ ಬೆಲೆಗೆ ತರಿಸಿದ.

ಪೊಟ್ಟಣ ಬಂತು. ಹತ್ತು ಚಿತ್ರಗಳಿಗೆ ಮೂರೇ ಡಿಸ್ಕುಗಳು. ಹೊದಿಕೆಯ ಮೇಲಿನ ಚಿತ್ರ ಮಸುಕು. ನಟರ ಹೆಸರುಗಳಲ್ಲಿ ಅಕ್ಷರದೋಷ. ಡಿಸ್ಕಿನ ಅಡಿಭಾಗ ನೇರಳೆ ಬಣ್ಣ. ಚಿತ್ರ ಓಡತೊಡಗಿದಾಗ ಮೂಲೆಯಲ್ಲಿ ಯಾವುದೋ ದೂರದರ್ಶನ ವಾಹಿನಿಯ ಗುರುತು ಕಾಣಿಸಿತು. ಅರ್ಧ ದಾರಿಯಲ್ಲಿ ಚಿತ್ರ ನಿಂತೇಹೋಯಿತು. ಮಾಲು ಡೂಪ್ಲಿಕೇಟ್ ಎಂಬುದು ಮನೆಮಂದಿಗೆಲ್ಲ ತಿಳಿಯಿತು.

ಆ ತಾಯಿ ನನ್ನನ್ನು ಕೇಳಿದರು: “ಗೊತ್ತಿಲ್ದ ತಗೊಂಡೀವ್ರಿ ಫಾದರ್. ಇನ್ನೂ ಒಂಬತ್ತು ಸಿನಿಮಾ ಅದಾವ. ನೋಡಿದ್ರ ಪಾಪ ಆಗತೈತೇನ್ರಿ?” ಮಗ ನಕ್ಕು, “ಎಲ್ಲಾರೂ ಹಿಂಗ ನೋಡ್ತಾರವ್ವಾ. ಸಿನಿಮಾದವ್ರೇನು ಬಡವ್ರೇನು?” ಎಂದ.

ನಗುತ್ತಾ ಆಡಿದ ಈ ಎರಡು ಮಾತುಗಳಲ್ಲಿ ನೈತಿಕತೆಯ ಒಂದು ದೊಡ್ಡ ಪ್ರಶ್ನೆ ಅಡಗಿದೆ. ತಿಳಿಯದೆ ಮಾಡಿದ ತಪ್ಪಿಗೆ ನಾವು ಎಷ್ಟು ಹೊಣೆ? ತಿಳಿದ ಮೇಲೆ ನಮ್ಮ ಹೊಣೆ ಏನು? ತಿಳಿದುಕೊಳ್ಳಬಹುದಾಗಿದ್ದರೂ ತಿಳಿದುಕೊಳ್ಳದೆ ಇದ್ದುದಕ್ಕೆ ಏನೆನ್ನಬೇಕು?

ಗುರುತಿಸುವ ಬಗೆ

ತಿಳಿಯಲು ಸಾಧ್ಯವಿತ್ತೇ ಎಂಬುದನ್ನು ಮೊದಲು ನೋಡೋಣ. ಕಾರ್ಖಾನೆಯಲ್ಲಿ ತಯಾರಾದ ನಿಜವಾದ ಡಿವಿಡಿಯನ್ನು ಕರಗಿದ ಪ್ಲಾಸ್ಟಿಕ್ಕನ್ನು ಅಚ್ಚಿಗೆ ಒತ್ತಿ, ಅದರ ಮೇಲೆ ಲೋಹದ ತೆಳುವಾದ ಪದರ ಹಚ್ಚಿ ಮಾಡುತ್ತಾರೆ. ಅದರ ಅಡಿಭಾಗ ಸಾಮಾನ್ಯವಾಗಿ ಬೆಳ್ಳಿಯಂತೆಯೋ ಹೊಂಬಣ್ಣದಂತೆಯೋ ಹೊಳೆಯುತ್ತದೆ. ನಡುವಿನ ರಂಧ್ರದ ಸುತ್ತ, ಒಳಗಿನ ಬಳೆಯಲ್ಲಿ, ತಯಾರಿಕೆಯ ಅಕ್ಷರ ಮತ್ತು ಅಂಕಿಗಳು ನವಿರಾಗಿ ಕೆತ್ತಿರುತ್ತವೆ. ಕಂಪ್ಯೂಟರಿನಲ್ಲಿ ನಕಲು ಮಾಡಿದ ಡಿಸ್ಕಿನಲ್ಲಾದರೋ ಬಣ್ಣದ ಪದರವೊಂದನ್ನು ಲೇಸರ್ ಕಿರಣದಿಂದ ಸುಟ್ಟು ಗುರುತು ಮಾಡಿರುತ್ತದೆ. ಆದ್ದರಿಂದಲೇ ಅದರ ಅಡಿಭಾಗದಲ್ಲಿ ನೇರಳೆ ಅಥವಾ ನೀಲಿಯ ಛಾಯೆ. ಬಿಸಿಲಿಗೂ ಶಾಖಕ್ಕೂ ಅದು ಬೇಗ ಕೆಡುತ್ತದೆ.

ಕಾನೂನೂ ನಮಗೆ ಒಂದು ಕನ್ನಡಿಯನ್ನು ಕೊಟ್ಟಿದೆ. 1957ರ ಕೃತಿಸ್ವಾಮ್ಯ ಕಾಯಿದೆಗೆ 1984ರಲ್ಲಿ ಸೇರಿಸಿದ 52ಎ ವಿಧಿಯ ಪ್ರಕಾರ, ಮಾರಾಟಕ್ಕಿಟ್ಟ ಚಲನಚಿತ್ರದ ಪ್ರತಿಯ ಮೇಲೆ ಅದನ್ನು ತಯಾರಿಸಿದವರ ಹೆಸರು ಮತ್ತು ವಿಳಾಸ, ಕೃತಿಸ್ವಾಮ್ಯದ ಒಡೆಯರ ಹೆಸರು ಮತ್ತು ವಿಳಾಸ, ಅವರ ಅನುಮತಿ ಪಡೆದಿರುವ ಘೋಷಣೆ ಮತ್ತು ಅಗತ್ಯವಿದ್ದಲ್ಲಿ ಸೆನ್ಸಾರ್ ಮಂಡಳಿಯ ಪ್ರಮಾಣಪತ್ರ ಇರಲೇಬೇಕು. ಇವು ಇಲ್ಲದ ಹೊದಿಕೆ ತಂದೆತಾಯಿಗಳ ಹೆಸರಿಲ್ಲದ ಜನನಪತ್ರದಂತೆ. ಆನ್‌ಲೈನಿನಲ್ಲಿ ಕೊಳ್ಳುವಾಗ ಹೊದಿಕೆಯ ಹಿಂಬದಿಯ ಚಿತ್ರವನ್ನು ಮಾರಾಟಗಾರ ತೋರಿಸಿದ್ದಾನೆಯೇ, ಇಲ್ಲವೇ ಮುಂಬದಿಯ ಅಂದವಾದ ಪೋಸ್ಟರ್ ಮಾತ್ರ ಇದೆಯೇ ಎಂದು ನೋಡಿರಿ. ಹಿಂಬದಿ ಕಾಣದಿದ್ದರೆ ಕೇಳಿರಿ.

ಇನ್ನೂ ಕೆಲವು ಸುಳಿವುಗಳಿವೆ. ಚಿತ್ರಮಂದಿರದಲ್ಲಿ ಓಡುತ್ತಿರುವ ಚಿತ್ರ ಆಗಲೇ ಡಿಸ್ಕಿನಲ್ಲಿ ಸಿಗುತ್ತಿದ್ದರೆ ಅನುಮಾನ ಪಡಬೇಕು. ಒಂದೇ ಪದರದ ಡಿವಿಡಿಯಲ್ಲಿ 4.7 ಗಿಗಾಬೈಟ್ ಮಾತ್ರ ಹಿಡಿಯುತ್ತದೆ. ಅದರಲ್ಲಿ ನಾಲ್ಕೈದು ಚಿತ್ರಗಳನ್ನು ತುರುಕಿದ್ದರೆ ಬಿಂಬದ ಗುಣವನ್ನು ಬಲಿಕೊಟ್ಟಿದ್ದಾರೆಂದೇ ಅರ್ಥ. ಜಗತ್ತನ್ನು ಡಿವಿಡಿ ವ್ಯಾಪಾರಕ್ಕಾಗಿ ವಲಯಗಳಾಗಿ ವಿಂಗಡಿಸಿದಾಗ ಭಾರತ ಐದನೆಯ ವಲಯಕ್ಕೆ ಸೇರಿತು. ಅಮೆರಿಕದ ಸಂಸ್ಥೆಯೊಂದರ ಚಿತ್ರವನ್ನು ಯಾರೋ ‘ಎಲ್ಲ ವಲಯಗಳಿಗೂ ಆಗುತ್ತದೆ’ ಎಂದು ಮಾರುತ್ತಿದ್ದರೆ ಎರಡನೆಯ ಸಲ ಯೋಚಿಸಬೇಕು. ಮಾರಾಟಗಾರನ ಹೆಸರು, ವಿಳಾಸ, ಮಾಲು ಮರಳಿಸುವ ನಿಯಮ ಎಲ್ಲಿಯೂ ಇಲ್ಲದಿದ್ದರೆ ಮೂರನೆಯ ಸಲವೂ ಯೋಚಿಸಬೇಕು.

ಆದರೆ ಇಲ್ಲೊಂದು ಎಚ್ಚರಿಕೆಯ ಮಾತು. ಸುಳಿವು ಬೇರೆ, ತೀರ್ಪು ಬೇರೆ. ನೇರಳೆ ಬಣ್ಣದ ಡಿಸ್ಕೆಲ್ಲ ನಕಲಿಯಲ್ಲ. ಅಮೆರಿಕದ ವಾರ್ನರ್ ಸಂಸ್ಥೆಯೇ 2009ರಿಂದ ತನ್ನ ಹಳೆಯ ಚಿತ್ರಗಳನ್ನು, ಕೇಳಿದವರಿಗೆ ಕೇಳಿದಾಗ, ಅಂಥ ಡಿಸ್ಕುಗಳಲ್ಲಿ ನಕಲು ಮಾಡಿ ನ್ಯಾಯವಾಗಿಯೇ ಮಾರಿತು. ಸಣ್ಣ ಭಜನಾ ಮಂಡಳಿಗಳೂ ತಮ್ಮದೇ ಹಾಡುಗಳನ್ನು ಹಾಗೆ ಹಂಚಬಹುದು. ಎಲ್ಲ ವಲಯಗಳಲ್ಲಿ ಓಡುವ ಪ್ರಾಮಾಣಿಕ ಡಿಸ್ಕುಗಳೂ ಇವೆ. ಇನ್ನೊಂದೆಡೆ, ಕಾರ್ಖಾನೆಯಲ್ಲೇ ಒತ್ತಿ ಬೆಳ್ಳಿಯಂತೆ ಹೊಳೆಯುವ ನಕಲಿಗಳೂ ಇವೆ. ಒಂದೇ ಗುರುತನ್ನು ಹಿಡಿದು ತೀರ್ಮಾನಿಸಿದರೆ ಮೋಸ ಹೋಗಲೂಬಹುದು, ನಿರಪರಾಧಿಯನ್ನು ನಿಂದಿಸಲೂಬಹುದು. ಮುದಿ ಇಸಾಕನು ಯಕೋಬನ ದನಿಯನ್ನು ಗುರುತಿಸಿಯೂ ಕೈಗಳ ಮೇಲಿನ ಮೇಕೆಯ ಚರ್ಮವನ್ನು ಮುಟ್ಟಿ ಮೋಸಹೋದದ್ದನ್ನು ಆದಿಕಾಂಡ ಹೇಳುತ್ತದೆ. ಎಲ್ಲ ಸುಳಿವುಗಳನ್ನೂ ಕೂಡಿಸಿ ನೋಡುವ ತಾಳ್ಮೆಯೇ ವಿವೇಕ.

ಕೊಳ್ಳುವವನ ಮೂರು ಮನಸ್ಸುಗಳು

ಗುರುಮಠದಲ್ಲಿ ನೀತಿಶಾಸ್ತ್ರದ ಪಾಠ ಕೇಳುವಾಗ ನಮಗೆ ಕಲಿಸಿದ ಒಂದು ಹಳೆಯ ವಿಂಗಡಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಪರರ ಸ್ವತ್ತು ನನ್ನ ಕೈಯಲ್ಲಿದ್ದರೆ ನನ್ನ ಮನಸ್ಸು ಮೂರು ಬಗೆಯಲ್ಲಿರಬಹುದು. ಇದು ನ್ಯಾಯವಾಗಿ ನನ್ನದೇ ಎಂದು ಪ್ರಾಮಾಣಿಕವಾಗಿ ನಂಬಿರುವುದು ಮೊದಲನೆಯದು. ಪರರದೆಂದು ತಿಳಿದೂ ಇಟ್ಟುಕೊಂಡಿರುವುದು ಎರಡನೆಯದು. ಅನುಮಾನವಿದ್ದೂ ವಿಚಾರಿಸದಿರುವುದು ಮೂರನೆಯದು.

ಮೊದಲನೆಯ ಮನಸ್ಸಿನವನಿಗೆ ಪಾಪವಿಲ್ಲ. ಆ ತಾಯಿ ಪೊಟ್ಟಣ ಬಿಚ್ಚುವವರೆಗೆ ಈ ಸ್ಥಿತಿಯಲ್ಲಿದ್ದರು. ಆದರೆ ಸತ್ಯ ತಿಳಿದ ಕ್ಷಣದಲ್ಲಿ ಈ ಸ್ಥಿತಿ ಮುಗಿಯುತ್ತದೆ. ನಿನ್ನೆಯ ಅಜ್ಞಾನ ನಾಳೆಯ ಪರವಾನಗಿಯಾಗದು. ಎರಡನೆಯ ಮನಸ್ಸಿನ ವಿಷಯದಲ್ಲಿ ವಾದವೇ ಇಲ್ಲ.

ನಮ್ಮಲ್ಲಿ ಬಹುಮಂದಿ ಇರುವುದು ಮೂರನೆಯದರಲ್ಲಿ. ಹತ್ತು ಚಿತ್ರಗಳಿಗೆ ಇಷ್ಟೇ ಬೆಲೆಯೇ ಎಂದು ಒಳಗೊಂದು ದನಿ ಕೇಳುತ್ತದೆ. ಬೆರಳು ಮಾತ್ರ ಖರೀದಿಯ ಗುಂಡಿಯನ್ನು ಒತ್ತಿಬಿಡುತ್ತದೆ. ಕೇಳಿದರೆ ಸಿಗುವ ಉತ್ತರ ನಮಗೆ ಬೇಡವಾದ್ದರಿಂದ ಕೇಳುವುದೇ ಇಲ್ಲ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು, ಸತ್ಯವನ್ನೂ ಒಳಿತನ್ನೂ ಅರಿಯಲು ಮನುಷ್ಯ ಕಾಳಜಿ ವಹಿಸದೆ ಇದ್ದುದರಿಂದ ಉಂಟಾದ ಅಜ್ಞಾನಕ್ಕೆ ಅವನೇ ಹೊಣೆಯೆಂದು ಬೋಧಿಸುತ್ತದೆ. ಕಣ್ಣಿಲ್ಲದ ತೊಬೀತ ಮರಿಯ ದನಿ ಕೇಳಿ ವಿಚಾರಿಸಿದ. ಕಣ್ಣುಳ್ಳ ನಾವು ಕಣ್ಣು ಮುಚ್ಚಿಕೊಂಡು ಕಾಣಲಿಲ್ಲ ಎನ್ನುತ್ತೇವೆ.

ಸಂತ ಥಾಮಸ್ ಅಕ್ವಿನಾಸರು ತಮ್ಮ ದೈವಶಾಸ್ತ್ರದ ಮಹಾಗ್ರಂಥದಲ್ಲಿ ಕೊಡುಕೊಳ್ಳುವಿಕೆಯ ಮೋಸವನ್ನು ಕುರಿತು ಪ್ರತ್ಯೇಕ ಪ್ರಶ್ನೆಯೊಂದನ್ನು ಎತ್ತಿಕೊಂಡಿದ್ದಾರೆ. ಮಾರುವವನಿಗೆ ತನ್ನ ಮಾಲಿನ ದೋಷ ತಿಳಿಯದಿದ್ದರೆ ಅವನು ಪಾಪಿಯಲ್ಲ. ಆದರೆ ತಿಳಿದ ಮೇಲೆ ಕೊಂಡವನ ನಷ್ಟವನ್ನು ತುಂಬಿಕೊಡಬೇಕು ಎನ್ನುತ್ತಾರೆ. ಅಷ್ಟಕ್ಕೇ ನಿಲ್ಲದೆ ಕೊಳ್ಳುವವನನ್ನೂ ತಕ್ಕಡಿಗೆ ಹಾಕುತ್ತಾರೆ. ಮಾರುವವನು ಬಂಗಾರವನ್ನು ಹಿತ್ತಾಳೆಯೆಂದು ತಿಳಿದು ಮಾರಿದರೆ, ಬಂಗಾರವೆಂದು ಬಲ್ಲ ಗಿರಾಕಿ ಹಿತ್ತಾಳೆಯ ಬೆಲೆಗೆ ಅದನ್ನು ಕೊಂಡದ್ದು ಅನ್ಯಾಯವೇ, ಅವನೂ ಹಿಂದಿರುಗಿಸಬೇಕು. ಎಂದರೆ ನ್ಯಾಯವೆಂಬುದು ಅಂಗಡಿಯವನಿಗೆ ಮಾತ್ರ ಹೇಳಿದ ಧರ್ಮವಲ್ಲ, ಗಿರಾಕಿಗೂ ಅನ್ವಯಿಸುವ ಧರ್ಮ. ಕೊಳ್ಳುವಾಗ ಮಾಲನ್ನು ಹೀಗಳೆದು, ಹೊರಗೆ ಬಂದು ಅಗ್ಗಕ್ಕೆ ಸಿಕ್ಕಿತೆಂದು ಕೊಚ್ಚಿಕೊಳ್ಳುವ ಗಿರಾಕಿಯನ್ನು ಜ್ಞಾನೋಕ್ತಿಗಳ ಗ್ರಂಥವೂ ಚೆನ್ನಾಗಿ ಬಲ್ಲದು. 2009ರ ತಮ್ಮ ವಿಶ್ವಪತ್ರದಲ್ಲಿ ವಿಶ್ವಗುರು ಹದಿನಾರನೆಯ ಬೆನೆಡಿಕ್ಟರು, ಕೊಳ್ಳುವುದು ಬರಿಯ ಆರ್ಥಿಕ ಕ್ರಿಯೆಯಲ್ಲ, ಯಾವಾಗಲೂ ನೈತಿಕ ಕ್ರಿಯೆಯೂ ಹೌದೆಂದು ಬೋಧಿಸಿದರು.

ನಾವು ಹೇಳಿಕೊಳ್ಳುವ ಸಮಾಧಾನಗಳು

‘ಸಿನಿಮಾದವರೇನು ಬಡವರೇ?’ ಎಂಬ ಮಗನ ಮಾತಿಗೆ ಈಗ ಬರೋಣ. ಒಂದು ಚಲನಚಿತ್ರದ ಹಿಂದೆ ತಾರೆಗಳು ಮಾತ್ರ ಇರುವುದಿಲ್ಲ. ಗೀತೆ ಬರೆದವರು, ರಾಗ ಹಾಕಿದವರು, ಬಡಗಿಗಳು, ಬಣ್ಣ ಬಳಿದವರು, ದೀಪ ಹಿಡಿದವರು ಇದ್ದಾರೆ. ಗೀತರಚನಕಾರರಿಗೂ ಸಂಗೀತಗಾರರಿಗೂ ತಮ್ಮ ಕೃತಿಯ ಗೌರವಧನದ ಹಕ್ಕನ್ನು ಬಿಟ್ಟುಕೊಡಲಾಗದ ಹಕ್ಕಾಗಿ ನಮ್ಮ ದೇಶದ ಕಾನೂನು ಕಾಪಾಡಿದ್ದು 2012ರ ತಿದ್ದುಪಡಿಯ ನಂತರವಷ್ಟೇ. ಹಳೆಯ ಚಿತ್ರವೆಂದರೆ ಹಕ್ಕು ತೀರಿದೆ ಎಂದಲ್ಲ. ಚಲನಚಿತ್ರದ ಕೃತಿಸ್ವಾಮ್ಯ ನಮ್ಮಲ್ಲಿ 60 ವರ್ಷ; 1972ರ ಚಿತ್ರದ ಹಕ್ಕು 2032ರ ಕೊನೆಯವರೆಗೆ ಇರುತ್ತದೆ.

ಸಿರಿವಂತನಿಂದ ಕದ್ದರೆ ಕಳವಲ್ಲ ಎಂಬ ಮಾತನ್ನು ಒಪ್ಪಿದರೆ ಅದು ಎಲ್ಲಿಗೆ ನಿಲ್ಲುತ್ತದೆ? ನಿಪ್ಪಾಣಿ ಸೀಮೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. 1981ರಲ್ಲಿ ಅಲ್ಲಿಯ ತಂಬಾಕು ಬೆಳೆಗಾರರು ಶರದ್ ಜೋಶಿಯವರ ನಾಯಕತ್ವದಲ್ಲಿ ತಮ್ಮ ಬೆಳೆಗೆ ನ್ಯಾಯವಾದ ಬೆಲೆ ಬೇಕೆಂದು ಹೆದ್ದಾರಿಯಲ್ಲಿ ಕುಳಿತರು. ಗೋಲಿಬಾರಿನಲ್ಲಿ ರೈತರು ಪ್ರಾಣ ತೆತ್ತರು. ಬೆವರಿಗೆ ಬೆಲೆಯುಂಟು ಎಂಬ ಒಂದೇ ಮಾತಿಗಾಗಿ ಆ ಹೋರಾಟ ನಡೆಯಿತು. ಕಬ್ಬಿನ ತೂಕದಲ್ಲಿ ಒಂದಿಷ್ಟು ಕಡಿಮೆಯಾದರೂ ನಾವು ಸಿಟ್ಟಾಗುತ್ತೇವೆ. ನಕಲಿ ಬೀಜ ಮಾರಿದವನನ್ನು ಶಪಿಸುತ್ತೇವೆ. ಹೊಲದಲ್ಲಿ ಸುರಿಸಿದ ಬೆವರಿಗೆ ಒಂದು ಅಳತೆ, ಹಾಡು ಕಟ್ಟಿದವನ ದುಡಿಮೆಗೆ ಇನ್ನೊಂದು ಅಳತೆ ಇಟ್ಟುಕೊಳ್ಳಬಹುದೇ? ಚೀಲದಲ್ಲಿ ಎರಡು ಬಗೆಯ ತೂಕದ ಕಲ್ಲುಗಳನ್ನು ಇಟ್ಟುಕೊಳ್ಳುವುದನ್ನು ದೇವರ ನಿಯಮ ನಿಷೇಧಿಸಿದೆ. ವಿಶ್ವಗುರು ಎರಡನೆಯ ಜಾನ್ ಪೌಲರು 1991ರ ವಿಶ್ವಪತ್ರದಲ್ಲಿ, ಜ್ಞಾನ ಮತ್ತು ಕೌಶಲಗಳ ಒಡೆತನವು ನಮ್ಮ ಕಾಲದಲ್ಲಿ ಭೂಮಿಯ ಒಡೆತನಕ್ಕಿಂತ ಕಡಿಮೆ ಮಹತ್ವದ್ದಲ್ಲವೆಂದು ತೋರಿಸಿಕೊಟ್ಟರು.

ಎರಡನೆಯ ಸಮಾಧಾನ: ‘ನಿಜವಾದದ್ದು ದುಬಾರಿ, ಬಡವರು ಏನು ಮಾಡಬೇಕು?’ ಈ ಮಾತಿನಲ್ಲಿ ನ್ಯಾಯವಿದೆ. ಬೆಲೆಯನ್ನು ಎಟುಕದ ಎತ್ತರದಲ್ಲಿಟ್ಟು, ಆಮೇಲೆ ಕಳ್ಳತನವೆಂದು ಗೋಳಾಡುವ ವ್ಯಾಪಾರಿಗಳೂ ಆತ್ಮಪರೀಕ್ಷೆ ಮಾಡಿಕೊಳ್ಳಬೇಕು. ನಮ್ಮ ದೇಶದಲ್ಲಿ ಮೋಸರ್ ಬೇರ್ ಸಂಸ್ಥೆ ಒಂದು ಕಾಲದಲ್ಲಿ ಅಸಲಿ ಡಿವಿಡಿಯನ್ನು 34 ರೂಪಾಯಿಗೆ ಮಾರಿ, ನ್ಯಾಯವಾದ ಮಾಲು ಬಡವನ ಕೈಗೂ ಎಟುಕಬಲ್ಲದೆಂದು ತೋರಿಸಿತ್ತು. ಆ ಸಂಸ್ಥೆ 2018ರಲ್ಲಿ ಮುಚ್ಚುವ ಸ್ಥಿತಿಗೆ ಬಂದದ್ದು ಬೇರೆ ಮಾತು. ಬೌದ್ಧಿಕ ಸ್ವತ್ತಿನ ಹಕ್ಕನ್ನು ಅತಿಯಾಗಿ ಬಿಗಿಹಿಡಿಯುವುದನ್ನು, ವಿಶೇಷವಾಗಿ ಆರೋಗ್ಯದ ವಿಷಯದಲ್ಲಿ, ವಿಶ್ವಗುರು ಬೆನೆಡಿಕ್ಟರೂ ಟೀಕಿಸಿದ್ದಾರೆ. ತೀರಾ ಹಸಿದವನು ಬದುಕುಳಿಯಲು ತೆಗೆದುಕೊಂಡ ಅನ್ನ ಕಳವಲ್ಲವೆಂದು ಧರ್ಮಸಭೆ ಬೋಧಿಸುತ್ತ ಬಂದಿದೆ. ಆದರೆ ಔಷಧಕ್ಕೂ ಅನ್ನಕ್ಕೂ ಸಲ್ಲುವ ಈ ನಿಯಮವನ್ನು ಮನರಂಜನೆಗೆ ಎಳೆದು ತರಲಾಗದು. ಸಿನಿಮಾ ನೋಡದೆ ಯಾರೂ ಸತ್ತಿಲ್ಲ.

ಮೂರನೆಯದು: ‘ಬೇರೆಲ್ಲೂ ಸಿಗುವುದಿಲ್ಲ.’ ಇದು ದಿನದಿನಕ್ಕೆ ಹೆಚ್ಚು ನಿಜವಾಗುತ್ತಿದೆ. ಅಂಚೆಯ ಮೂಲಕ ಡಿವಿಡಿ ಕಳುಹಿಸುತ್ತಲೇ ಬೆಳೆದ ನೆಟ್‌ಫ್ಲಿಕ್ಸ್ ಸಂಸ್ಥೆ 2023ರ ಸೆಪ್ಟೆಂಬರಿನಲ್ಲಿ ಆ ಸೇವೆಯನ್ನೇ ನಿಲ್ಲಿಸಿತು. ಅಂಗಡಿಗಳಲ್ಲಿ ಅಸಲಿ ಡಿಸ್ಕು ಕಾಣೆಯಾದಂತೆ ಆನ್‌ಲೈನಿನ ನಕಲಿಗಳಿಗೆ ಹಸಿದ ಗಿರಾಕಿಗಳು ದೊರೆಯುತ್ತಾರೆ. ಆ ಹಿರಿಯ ತಾಯಿಯ ಆಸೆ ಪವಿತ್ರವಾದದ್ದೇ. ಆದರೆ ನಕಲಿಗಾರನು ಅದೇ ಆಸೆಯನ್ನು ಬಂಡವಾಳವಾಗಿಸಿಕೊಂಡ. ಆತ ಹಳೆಯ ಚಿತ್ರವನ್ನು ಉಳಿಸುವ ಪುಣ್ಯಾತ್ಮನೇನೂ ಅಲ್ಲ. ಉಳಿಸುವವನಾಗಿದ್ದರೆ ಹತ್ತನ್ನು ಮೂರಕ್ಕೆ ತುರುಕಿ ಕೆಡಿಸುತ್ತಿರಲಿಲ್ಲ.

ನನ್ನದೇ ಒಂದು ತಪ್ಪು

ಇಷ್ಟನ್ನೆಲ್ಲ ಹೇಳಲು ನನಗೇನು ಅಧಿಕಾರವಿದೆ ಎಂದು ನೀವು ಕೇಳಬಹುದು. ಆದ್ದರಿಂದ ಒಂದು ಮಾತನ್ನು ಮುಚ್ಚಿಡದೆ ಹೇಳುತ್ತೇನೆ.

ಯೇಸುಸ್ವಾಮಿಯ ಪಾಡುಗಳನ್ನು ಕುರಿತ ‘ದಿ ಪ್ಯಾಶನ್ ಆಫ್ ದಿ ಕ್ರೈಸ್ಟ್’ ಚಿತ್ರ ಅಮೆರಿಕದಲ್ಲಿ 2004ರ ಫೆಬ್ರವರಿ 25ರಂದು, ವಿಭೂತಿ ಬುಧವಾರದ ದಿನ ತೆರೆಕಂಡಿತು. ಅದೇ ತಪಸ್ಸುಕಾಲದ ಕೊನೆಯ ವಾರದಲ್ಲಿ, ನಾನು ಕಿರಿಯ ಗುರುವಾಗಿದ್ದ ಧರ್ಮಕೇಂದ್ರದಲ್ಲಿ ಯುವಕನೊಬ್ಬ ಅದರ ಡಿಸ್ಕನ್ನು ತಂದುಕೊಟ್ಟ. ಹೊದಿಕೆಯಿಲ್ಲದ, ಪೆನ್ನಿನಿಂದ ಹೆಸರು ಬರೆದ ಡಿಸ್ಕು. ದೇವಾಲಯದ ಅಂಗಳದಲ್ಲಿ ಬಿಳಿಯ ಬಟ್ಟೆ ಕಟ್ಟಿ ಜನರಿಗೆಲ್ಲ ತೋರಿಸಿದೆವು. ಯಾವುದೋ ಚಿತ್ರಮಂದಿರದಲ್ಲಿ ಕದ್ದು ಚಿತ್ರೀಕರಿಸಿದ ಪ್ರತಿಯದು. ನಡುನಡುವೆ ಯಾರದೋ ತಲೆ ಅಡ್ಡ ಬರುತ್ತಿತ್ತು, ಯಾರೋ ಕೆಮ್ಮುತ್ತಿದ್ದರು. ಆದರೂ ನಮ್ಮ ಜನ ಕಣ್ಣೀರಿಟ್ಟರು. ನನಗೂ ತೃಪ್ತಿಯಾಯಿತು.

ಆ ಚಿತ್ರದ ಅಧಿಕೃತ ಡಿವಿಡಿ ಅಮೆರಿಕದಲ್ಲೇ ಹೊರಬಂದದ್ದು ಅದೇ ವರ್ಷದ ಆಗಸ್ಟ್ 31ರಂದು. ಏಪ್ರಿಲ್ ತಿಂಗಳಲ್ಲಿ ನನ್ನ ಕೈಗೆ ಬಂದದ್ದು ನಕಲಿಯಲ್ಲದೆ ಬೇರೇನೂ ಆಗಿರಲು ಸಾಧ್ಯವೇ ಇರಲಿಲ್ಲ. ನನಗೆ ಅನುಮಾನವಿತ್ತೇ? ಇತ್ತು. ಎಲ್ಲಿಂದ ತಂದೆಯಪ್ಪಾ ಎಂದು ಆ ಹುಡುಗನನ್ನು ಕೇಳಿದೆನೇ? ಕೇಳಲಿಲ್ಲ. ಒಳ್ಳೆಯ ಉದ್ದೇಶವಿದೆಯಲ್ಲ ಎಂದು ನನ್ನ ಬಾಯಿಯನ್ನು ನಾನೇ ಮುಚ್ಚಿಸಿದೆ. ಕದಿಯಬಾರದೆಂಬ ಏಳನೆಯ ಕಟ್ಟಳೆಯನ್ನು ಬೋಧಿಸುವವನು, ಕಳ್ಳರ ನಡುವೆ ಶಿಲುಬೆಗೇರಿದ ಪ್ರಭುವಿನ ಕಥೆಯನ್ನು ಕದ್ದ ಪ್ರತಿಯಲ್ಲಿ ತೋರಿಸಿದೆ. ಅದಕ್ಕಿಂತ ಭಾರವಾದದ್ದು ಇನ್ನೊಂದಿದೆ: ಆ ಸಂಜೆ ಅಂಗಳದಲ್ಲಿ ಕುಳಿತಿದ್ದ ಮಕ್ಕಳಿಗೆ, ಉದ್ದೇಶ ಒಳ್ಳೆಯದಾದರೆ ಮೂಲವನ್ನು ಕೇಳಬೇಕಾಗಿಲ್ಲ ಎಂಬ ಪಾಠವನ್ನು ನಾನು ಮಾತಿಲ್ಲದೆ ಕಲಿಸಿದೆ. ಮುಂದೆ ಅಸಲಿ ಡಿವಿಡಿಯನ್ನು ಹಣ ಕೊಟ್ಟು ಕೊಂಡೆ. ಆದರೆ ಆ ಜನರ ಮುಂದೆ ತಪ್ಪೊಪ್ಪಿಕೊಳ್ಳಲಿಲ್ಲ. ಇಂದು ಈ ಪುಟದಲ್ಲಿ ಒಪ್ಪಿಕೊಳ್ಳುತ್ತಿದ್ದೇನೆ.

ತಿಳಿದ ಮೇಲೆ ಏನು ಮಾಡಬೇಕು?

ನಮ್ಮ ಕನ್ನಡ ನಾಡಿನಲ್ಲಿ ತೊಬೀತನ ಮನೆಯನ್ನು ಹೋಲುವ ಇನ್ನೊಂದು ಮನೆಯಿತ್ತು. 12ನೆಯ ಶತಮಾನದ ಶರಣ ಆಯ್ದಕ್ಕಿ ಮಾರಯ್ಯನವರು ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವರು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಪತ್ನಿ ಲಕ್ಕಮ್ಮ ಅದನ್ನು ಒಲೆಗೆ ಹಾಕಲಿಲ್ಲ. ನಮ್ಮ ಪಾಲಿಗಿಂತ ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಗಂಡನನ್ನು ಹಿಂದಕ್ಕೆ ಕಳುಹಿಸಿದರೆಂದು ಹೇಳುತ್ತಾರೆ. ನಿನೆವೆಯಲ್ಲಿ ಗಂಡ ಹೆಂಡತಿಯನ್ನು ಕೇಳಿದ. ಕಲ್ಯಾಣದಲ್ಲಿ ಹೆಂಡತಿ ಗಂಡನನ್ನು ಕೇಳಿದಳು. ಮನೆಯ ಹೊಸ್ತಿಲಲ್ಲಿ ಯಾರಾದರೊಬ್ಬರು ಕೇಳಬೇಕು. ಎರಡು ಮನೆಗಳಲ್ಲೂ ಉಪಾಯ ಒಂದೇ: ಹಿಂದಿರುಗಿಸುವುದು.

ನಿಮ್ಮ ಮನೆಗೆ ನಕಲಿ ಮಾಲು ಬಂದಿದ್ದರೆ ಮೊದಲು ಮಾರಾಟಗಾರನನ್ನು ಶಾಂತವಾಗಿ ವಿಚಾರಿಸಿರಿ. ಅವನೂ ಬೇರೆಯವರಿಂದ ಮೋಸಹೋಗಿರಬಹುದು. 2020ರ ಇ-ವಾಣಿಜ್ಯ ಗ್ರಾಹಕ ಸಂರಕ್ಷಣಾ ನಿಯಮಗಳ ಪ್ರಕಾರ, ನಕಲಿ ಅಥವಾ ದೋಷವುಳ್ಳ ಮಾಲನ್ನು ಹಿಂದಕ್ಕೆ ಪಡೆಯಲು ಮಾರಾಟಗಾರ ನಿರಾಕರಿಸುವಂತಿಲ್ಲ. ದೂರು ಬಂದ 48 ಗಂಟೆಗಳೊಳಗೆ ತಲುಪಿದೆಯೆಂದು ತಿಳಿಸಬೇಕು. ಒಂದು ತಿಂಗಳೊಳಗೆ ಪರಿಹರಿಸಬೇಕು. ಆಗದಿದ್ದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಬಹುದು. ದೂರು ಕೊಡುವುದು ಜಗಳಗಂಟಿತನವಲ್ಲ, ಮುಂದಿನ ಗಿರಾಕಿಗೆ ಮಾಡುವ ಉಪಕಾರ. ಕೃತಿಸ್ವಾಮ್ಯ ಕಾಯಿದೆಯ 63ನೆಯ ವಿಧಿ ತಿಳಿದೂ ಉಲ್ಲಂಘಿಸುವವರಿಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸವನ್ನೂ, 50 ಸಾವಿರದಿಂದ ಎರಡು ಲಕ್ಷ ರೂಪಾಯಿಯವರೆಗೆ ದಂಡವನ್ನೂ ವಿಧಿಸುತ್ತದೆ. ಕಾನೂನಿನ ಕೈ ಮುಖ್ಯವಾಗಿ ನಕಲು ಮಾಡುವವನನ್ನೂ ಮಾರುವವನನ್ನೂ ಹುಡುಕುತ್ತದೆ. ಮನೆಯೊಳಗೆ ಕುಳಿತು ನೋಡುವವನನ್ನು ಹುಡುಕುವುದು ಅವನ ಮನಸ್ಸಾಕ್ಷಿ ಮಾತ್ರ.

ಹಣ ಮರಳದಿದ್ದರೆ ಆ ಡಿಸ್ಕನ್ನು ಇನ್ನೊಬ್ಬರಿಗೆ ಮಾರಬೇಡಿರಿ, ಧರ್ಮಕೇಂದ್ರದ ಗ್ರಂಥಾಲಯಕ್ಕೆ ದಾನವಾಗಿಯೂ ಕೊಡಬೇಡಿರಿ. ಮುರಿದು ಹಾಕಿರಿ. ತಿಳಿದೂ ಕೊಂಡು ನೋಡಿದ್ದರೆ ಪಾಪನಿವೇದನೆಯಲ್ಲಿ ಒಪ್ಪಿಕೊಳ್ಳುವುದರ ಜೊತೆಗೆ ನಷ್ಟ ತುಂಬಿಕೊಡುವ ಮನಸ್ಸೂ ಬೇಕು. ಜಕ್ಕಾಯನು ಮರದಿಂದ ಇಳಿದು ಬರಿಯ ಕ್ಷಮೆ ಕೇಳಿ ಸುಮ್ಮನಾಗಲಿಲ್ಲ. ಮೋಸದಿಂದ ಪಡೆದುದಕ್ಕೆ ನಾಲ್ಕರಷ್ಟು ಕೊಡುವೆನೆಂದ. ಅಸಲಿ ಪ್ರತಿಯನ್ನು ಕೊಳ್ಳುವುದೋ, ಹಕ್ಕುಳ್ಳವರಿಗೆ ಹಣ ಸಲ್ಲುವ ದಾರಿಯಲ್ಲಿ ಚಿತ್ರ ನೋಡುವುದೋ ನಮ್ಮ ಕಾಲದ ತುಂಬಿಕೊಡುವಿಕೆ. ಒಡೆಯ ಯಾರೆಂದು ತಿಳಿಯದೆ ಹೋದಲ್ಲಿ ಆ ಮೊತ್ತವನ್ನು ಬಡವರಿಗೆ ಕೊಡುವುದು ಧರ್ಮಸಭೆಯ ಹಳೆಯ ಪದ್ಧತಿ. ಚಿಕ್ಕ ವಿಷಯಕ್ಕೆ ನಿದ್ದೆಗೆಡುವಷ್ಟು ಸಂಶಯಪಿಶಾಚಿಗಳಾಗುವುದೂ ಬೇಡ. ಚಿಕ್ಕದೆಂದು ಕೈಬಿಡುವುದೂ ಬೇಡ. ಅಲ್ಪದರಲ್ಲಿ ನಂಬಿಗಸ್ತನಾದವನೇ ಬಹಳದರಲ್ಲಿಯೂ ನಂಬಿಗಸ್ತನೆಂದು ಯೇಸುಸ್ವಾಮಿ ಕಲಿಸಿದ್ದಾರೆ.

ಅನ್ನಳ ಉತ್ತರ

ತೊಬೀತನ ಕಥೆ ಪ್ರಶ್ನೆಯಲ್ಲಿ ಮುಗಿಯುವುದಿಲ್ಲ. ಇದು ಕೂಲಿಯ ಜೊತೆ ಕೊಟ್ಟ ಉಡುಗೊರೆ ಎಂದು ಅನ್ನ ನಿಜವನ್ನೇ ಹೇಳಿದಳು. ತೊಬೀತ ನಂಬಲಿಲ್ಲ. ಸಿಟ್ಟಾದ. ಮರಿಯನ್ನು ಹಿಂದಿರುಗಿಸಲೇಬೇಕೆಂದು ಹಟ ಹಿಡಿದ. ಆಗ ಆಕೆ, ನಿನ್ನ ದಾನಧರ್ಮ, ನಿನ್ನ ಸತ್ಕಾರ್ಯಗಳೆಲ್ಲ ಈಗೆಲ್ಲಿ ಹೋದವೆಂದು ಗಂಡನನ್ನು ಚುಚ್ಚಿ ಕೇಳಿದಳು. ತೊಬೀತ ಅತ್ತು ಪ್ರಾರ್ಥಿಸಿದ. ಅವನ ಪ್ರಶ್ನೆ ಸರಿಯಿತ್ತು, ತೀರ್ಪು ತಪ್ಪಿತ್ತು. ಕಳವನ್ನು ದ್ವೇಷಿಸುವ ಭರದಲ್ಲಿ ತನಗಾಗಿ ದುಡಿದು ಬಂದ ಹೆಂಡತಿಯನ್ನೇ ಕಳ್ಳಿಯೆಂದು ಕಂಡ.

ಆದ್ದರಿಂದ ತಂದೆತಾಯಿಗಳೇ, ಮಕ್ಕಳು ತಂದ ವಸ್ತುವನ್ನು ಕುರಿತು ಕೇಳಿರಿ; ಉತ್ತರವನ್ನು ಕೇಳುವ ಕಿವಿಯನ್ನೂ ಇಟ್ಟುಕೊಳ್ಳಿರಿ. ಮಕ್ಕಳೇ, ಹಿರಿಯರು ಕೇಳಿದರೆ ನಗಬೇಡಿರಿ. ಆ ಪ್ರಶ್ನೆ ನಿಮ್ಮ ಮೇಲಿನ ಅಪನಂಬಿಕೆಯಲ್ಲ, ಮನೆಯ ಮಾನದ ಕಾವಲು.

ಭೋಜ ಗ್ರಾಮದವರೇ ಆದ ಜೈನ ಆಚಾರ್ಯ ಶಾಂತಿಸಾಗರ ಮಹಾರಾಜರ (1872–1955) ಜೀವನಚರಿತ್ರೆಯಲ್ಲಿ ಒಂದು ಪ್ರಸಂಗವನ್ನು ಹೇಳುತ್ತಾರೆ. ಸನ್ಯಾಸ ಸ್ವೀಕರಿಸುವ ಮೊದಲು ಅವರ ಮನೆಯವರದು ಬಟ್ಟೆಯ ಅಂಗಡಿ. ತಾವು ಅಂಗಡಿಯಲ್ಲಿ ಕುಳಿತಾಗ ಗಿರಾಕಿ ಬಂದರೆ, ಬೇಕಾದ ಬಟ್ಟೆಯನ್ನು ನೀವೇ ಅಳೆದು ಹರಿದುಕೊಂಡು, ಲೆಕ್ಕವನ್ನು ನೀವೇ ಬರೆದಿಟ್ಟು ಹೋಗಿರಿ ಎನ್ನುತ್ತಿದ್ದರಂತೆ. ಆನ್‌ಲೈನಿನ ಅಂಗಡಿಯೂ ಒಂದರ್ಥದಲ್ಲಿ ಹಾಗೆಯೇ. ಅಲ್ಲಿ ಅಂಗಡಿಯವನ ಮುಖ ನಮಗೆ ಕಾಣದು, ನಮ್ಮ ಮುಖ ಅವನಿಗೆ ಕಾಣದು. ಅಳತೆಗೋಲು ನಮ್ಮ ಕೈಯಲ್ಲೇ ಇದೆ. ಲೆಕ್ಕ ಬರೆಯಬೇಕಾದವರೂ ನಾವೇ.

ಆ ಕುಟುಂಬದ ಸಂಗತಿ ಏನಾಯಿತೆಂದು ನೀವು ಕೇಳಬಹುದು. ಮಗ ದೂರು ಕೊಟ್ಟ. ಕೆಲವು ದಿನಗಳಲ್ಲಿ ಹಣ ಮರಳಿತು. ಉಳಿದ ಒಂಬತ್ತು ಚಿತ್ರಗಳನ್ನು ಆ ತಾಯಿ ನೋಡಲಿಲ್ಲ. ‘ಬಂಗಾರದ ಮನುಷ್ಯ’ದ ಉಳಿದರ್ಧವನ್ನು ಅವರು ಇನ್ನೂ ನೋಡಿಲ್ಲ, ಅಸಲಿ ಪ್ರತಿಗಾಗಿ ಮಗ ಹುಡುಕುತ್ತಿದ್ದಾನೆ. ಈಗ ಯಾವ ಮಾಲು ಕಂಡರೂ ಮೊದಲು ಹೊದಿಕೆಯ ಹಿಂಬದಿಯನ್ನು ಓದುತ್ತಾನಂತೆ.

ನಮ್ಮ ಮನೆಗಳಿಗೆ ಬರುವ ಪ್ರತಿಯೊಂದು ಪೊಟ್ಟಣದ ಮುಂದೆಯೂ ಆ ಒಂದು ಪ್ರಶ್ನೆಯನ್ನು ಪ್ರೀತಿಯಿಂದಲೂ ಧೈರ್ಯದಿಂದಲೂ ಕೇಳುವ ವರವನ್ನು ಪ್ರಭು ನಮಗೆ ಅನುಗ್ರಹಿಸಲಿ.